ಮುಂದೆ ಯಂತ್ರ, ಹಿಂದೆ ಯಜಮಾನ

ಹುಲ್ಲಿಗೆ ಗೊಬ್ಬರ ಹಾಕುತ್ತೇವೆ. ನೀರು ಬಿಡುತ್ತೇವೆ. ಅದು ಪಾಪ, ಹೇಳಿದ ಮಾತು ಕೇಳಿ ಬೆಳೆದರೆ ಸಿಟ್ಟು ಬರುತ್ತದೆ. ತಕ್ಷಣ ಲಾನ್ ಮೋವರ್ ಬೇಕು. ತಳ್ಳುವ ಮೋವರ್ ಆದರೆ ಮರ್ಯಾದೆ ಕಡಿಮೆ. ಚಕ್ರಕ್ಕೂ ಶಕ್ತಿ ಕೊಟ್ಟು, ತನ್ನಷ್ಟಕ್ಕೆ ಮುಂದೆ ಹೋಗುವಂಥದ್ದೇ ಆಗಬೇಕು. ಯಜಮಾನರು ಹಿಡಿ ಹಿಡಿದು ಅದರ ಹಿಂದೆ ನಡೆಯುತ್ತಾರೆ. ಯಾರು ಯಾರನ್ನು ವಾಕಿಂಗ್‌ಗೆ ಕರೆದೊಯ್ಯುತ್ತಿದ್ದಾರೆ ಎಂದು ಮಾತ್ರ ಕೇಳಬೇಡಿ.

ಸ್ವಲ್ಪ ಲೆಕ್ಕ ಹಾಕೋಣ. ಹುಲ್ಲುಹಾಸು 100 ಚದರ ಮೀಟರ್ ಇದೆ ಅನ್ನಿ. ಇಂಥ ಮೋವರ್‌ಗಳಲ್ಲಿ 21 ಇಂಚು ಅಗಲ ಮಾಮೂಲಿ. ಪಟ್ಟೆ ಮೇಲೆ ಪಟ್ಟೆ ಸ್ವಲ್ಪ ಬಿದ್ದರೂ ಅರ್ಧ ಮೀಟರ್ ಸಿಗುತ್ತದೆ. ಅಂದರೆ ಒಟ್ಟು ನಡಿಗೆ 200 ಮೀಟರ್. ಗಂಟೆಗೆ 4 ಕಿ.ಮೀ. ವೇಗದಲ್ಲಿ ಮೂರು ನಿಮಿಷ! ತಿರುವು, ಕತ್ತರಿಸಿದ ಹುಲ್ಲು ತುಂಬುವ ಚೀಲ ಖಾಲಿ ಮಾಡುವುದು, ಪಕ್ಕದ ಮನೆಯವರು ನೋಡಿದರಾ ಎಂದು ಕತ್ತೆತ್ತುವುದು ಎಲ್ಲ ಸೇರಿ ಹತ್ತು ನಿಮಿಷ ಇರಲಿ. ಈ ಹತ್ತು ನಿಮಿಷದ ದಣಿವು ತಪ್ಪಿಸಲು ವಾರಗಟ್ಟಲೆ ವಿಡಿಯೊ ನೋಡುತ್ತಾರೆ. ಮೋವರ್ ಬಂದ ಮೇಲೆ, ಈಚೆಗೆ ವ್ಯಾಯಾಮವೇ ಇಲ್ಲ ಎಂದು ಟ್ರೆಡ್‌ಮಿಲ್ ಹುಡುಕುತ್ತಾರೆ.

ಚಕ್ರಕ್ಕೆ ಶಕ್ತಿ ಯಾಕೆ ಬೇಕು? ಮೋವರ್ ಭಾರ ಇದೆ, ತಳ್ಳಲಾಗದು. ಭಾರ ಯಾಕೆ? ಗೇರು, ಬೆಲ್ಟು ಎಲ್ಲ ಸೇರಿಸಿದ್ದಾರಲ್ಲ, ಅದಕ್ಕೆ.

ಇನ್ನು ಅಂಕಿಗಳ ಜಾತ್ರೆ. ಮೊದಲು ಹಾರ್ಸ್‌ಪವರ್ ಇತ್ತು. ಡಬ್ಬಿಯ ಮೇಲಿನಷ್ಟು ಕುದುರೆ ಎಂಜಿನ್ನಿನೊಳಗಿಲ್ಲ ಎಂದು ಅಮೆರಿಕದ ಗ್ರಾಹಕರು ಕೋರ್ಟಿಗೆ ಹೋದರು. ರಾಜಿ ಒಪ್ಪಂದಕ್ಕೆ 2010ರಲ್ಲಿ ಕೋರ್ಟು ಒಪ್ಪಿಗೆ ಕೊಟ್ಟಿತು. ಈಗ ಎಷ್ಟೋ ಡಬ್ಬಿಗಳಲ್ಲಿ ಕುದುರೆಗಳೇ ಕಾಣೆ. ಬದಲಿಗೆ ಸಿಸಿ (ಎಂಜಿನ್ನಿನ ಗಾತ್ರ), ಟಾರ್ಕ್ (ತಿರುಗಿಸುವ ಬಲ) ಬಂದು ಕೂತಿವೆ. ಬ್ಯಾಟರಿಯವರು ಇನ್ನೂ ಜಾಣರು. ‘60 ವೋಲ್ಟ್ ಮ್ಯಾಕ್ಸ್’ ಅನ್ನುವುದು ದೊಡ್ಡಕ್ಷರದಲ್ಲಿ. ಕೆಲಸಕ್ಕಿಳಿದಾಗ ಅದು 54 ಅನ್ನುವುದು ಇರುವೆಯಂಥ ಅಕ್ಷರದಲ್ಲಿ. ಒಂದು ಚಾರ್ಜ್‌ಗೆ ಹುಲ್ಲು ಮುಗಿಯುತ್ತದಾ ಎಂದು ತಿಳಿಯಲು ನೋಡಬೇಕಾದ್ದು ವ್ಯಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ತುಂಬಿದೆ ಎಂಬ ಲೆಕ್ಕ. ಆದರೆ ನೆಂಟರ ಮುಂದೆ ವ್ಯಾಟ್-ಅವರ್ ಹೇಳಿಕೊಂಡರೆ ಯಾರು ಬೆರಗಾಗುತ್ತಾರೆ?

ಕೆಲವು ಮೋವರ್‌ಗಳಿಗೆ ಎಲ್‌ಇಡಿ ಹೆಡ್‌ಲೈಟ್ ಕೂಡ ಇದೆ. ಹಗಲಿನ ಕೆಲಸಕ್ಕೆ ದೀಪ ಯಾಕೆ ಅಂತೀರಾ? ಚರಿತ್ರೆ ಗೊತ್ತಿಲ್ಲದವರು ಹೀಗೆ ಕೇಳುತ್ತಾರೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಮೊದಲ ಮೋವರ್ ಮಾಡಿದ. ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಗಿರಣಿ ಯಂತ್ರ ನೋಡಿ ಹೊಳೆದ ಉಪಾಯ ಅದು. ಜನ ಹುಚ್ಚ ಅಂದಾರು ಎಂದು ರಾತ್ರಿ ಹೊತ್ತು ಕದ್ದು ಪರೀಕ್ಷೆ ಮಾಡುತ್ತಿದ್ದ ಎಂಬ ಕತೆಯೂ ಇದೆ. ಅವನಿಗೆ ನಾಚಿಕೆಯಾದರೂ ಇತ್ತು. ನಮಗೆ ಹೆಡ್‌ಲೈಟ್ ಇದೆ.

ಇಷ್ಟೆಲ್ಲ ಓದಿದವರು ಓದದೆ ಬಿಡುವುದು ಒಂದೇ: ಯಾವ ಚಕ್ರ ಎಳೆಯುತ್ತದೆ? ಜಾಗ ಸಮತಟ್ಟಾಗಿದ್ದು, ಗಿಡಗಳ ಸುತ್ತ ತಿರುಗಿಸುವುದು ಜಾಸ್ತಿ ಇದ್ದರೆ ಮುಂದಿನ ಚಕ್ರದ್ದು ಸಾಕು. ಹಿಡಿ ಅದುಮಿದರೆ ಮೂತಿ ಏಳುತ್ತದೆ, ಸುಲಭವಾಗಿ ತಿರುಗುತ್ತದೆ. ಆದರೆ ಏರು ಹತ್ತುವಾಗ, ಹಿಂದಿನ ಚೀಲ ತುಂಬಿದಾಗ, ಭಾರ ಹಿಂದಕ್ಕೆ ಜಾರಿ ಮುಂದಿನ ಚಕ್ರ ಸುಮ್ನೆ ಗಿರಗಿರ ಸುತ್ತುತ್ತದೆ. ಇಳಿಜಾರಿದ್ದರೆ ಹಿಂದಿನ ಚಕ್ರದ್ದೇ ಸರಿ. ಅಲ್ಲೂ ಮೇಲೆ ಕೆಳಗೆ ಓಡಿಸದೆ ಅಡ್ಡಡ್ಡ ನಡೆಯಬೇಕು, ಕಾಲು ಜಾರಿದರೆ ಅಲಗಿನ ಹತ್ತಿರ ಹೋಗದಿರಲಿ ಎಂದು. ವೇಗ ಬದಲಿಸುವ ಲಿವರ್ ಇರಲಿ. ಇಲ್ಲದಿದ್ದರೆ ಮೋವರ್ ತನ್ನ ಪಾಡಿಗೆ ಹೊರಡುತ್ತದೆ, ಯಜಮಾನರು ಬಸ್ ತಪ್ಪಿದವರಂತೆ ಹಿಂದೆ ಓಡುತ್ತಾರೆ.

ಅಂಗಡಿಯವರಂತೂ ಇಳಿಜಾರಿದೆಯಾ ಎಂದು ಕೇಳುವುದಿಲ್ಲ. ಬಣ್ಣ ಯಾವುದು ಬೇಕು ಅನ್ನುತ್ತಾರೆ.

ಕೊನೆಗೆ ಮೋವರ್ ಮನೆಗೆ ಬರುತ್ತದೆ. 21 ಇಂಚು ಎನ್ನುವುದು ಅಲಗಿನ ಲೆಕ್ಕ. ಚಕ್ರ, ಹೊದಿಕೆ ಸೇರಿದರೆ ಇನ್ನೂ ಅಗಲ. ಟಾರ್ಕ್, ವೋಲ್ಟ್ ಎಲ್ಲ ಬಾಯಿಪಾಠ ಮಾಡಿದ ಯಜಮಾನರು ಹಿತ್ತಿಲಿಗೆ ಹೋಗುವ ಸಣ್ಣ ಗೇಟಿನ ಮುಂದೆ ನಿಂತು, ಒಳಗೆ ಕೂಗಿ ಟೇಪ್ ತರಿಸುತ್ತಾರೆ.