ಹಗ್ಗ ಬದಲಿಸುವ ದಿನ

ನಮ್ಮ ಪಕ್ಕದ ಮನೆಯ ಮಾಮ ಆಕಾಶವಾಣಿ ಟ್ರಾನ್ಸ್‌ಮಿಟರ್‌ನಲ್ಲಿ ಕೆಲಸಕ್ಕಿದ್ದರು. ಊರಾಚೆ ಗದ್ದೆಗಳ ಮಧ್ಯೆ ಕೆಂಪು ಬಿಳಿ ಪಟ್ಟೆಯ ಮಾಸ್ಟ್, ಅಂದರೆ ರೇಡಿಯೋ ಪ್ರಸಾರದ ಎತ್ತರದ ಕಂಬ. ನಾನು ಚಿಕ್ಕವನಿದ್ದಾಗ ಒಮ್ಮೆ, ಮಧ್ಯಾಹ್ನದ ಪ್ರಸಾರ ನಿಂತ ಮೇಲೆ, ನನ್ನನ್ನು ಬೇಲಿ ಒಳಗೆ ಕರೆದುಕೊಂಡು ಹೋಗಿದ್ದರು. ಕಂಬ ಬೀಳದಂತೆ ಎಳೆದು ಕಟ್ಟಿದ ಉಕ್ಕಿನ ಹಗ್ಗ, ಗೈ ರೋಪ್, ನೆಲಕ್ಕೆ ಬಂದು ಸೇರುವ ಕಡೆ ಕುಕ್ಕರುಗಾಲಲ್ಲಿ ಕೂತು, ಹಳೇ ಬನಿಯನ್ ಬಟ್ಟೆಯಲ್ಲಿ ಗ್ರೀಸ್ ಒರೆಸಿ, ತಂತಿಯ ಎಳೆಗಳನ್ನು ಬೆರಳಲ್ಲಿ ಸವರಿ ನೋಡುತ್ತಿದ್ದರು. "ಎಳೆ ಹರಿದಿದ್ರೆ ಕಣ್ಣಿಗೆ ಕಾಣೋಕ್ಕೆ ಮೊದ್ಲೇ ಬೆರಳಿಗೆ ಚುಚ್ಚುತ್ತೆ ಕಣೋ" ಅಂದಿದ್ದರು. ಅವರ ಉಗುರಿನ ಸಂದಿಯಲ್ಲಿ ಆ ಕಪ್ಪು ಗ್ರೀಸ್ ಇಲ್ಲದ ದಿನವೇ ನನಗೆ ನೆನಪಿಲ್ಲ.

ಪೋಲೆಂಡಿನ ಕೊನ್‌ಸ್ಟಾಂಟಿನೂಫ್ ಊರಿನ ರೇಡಿಯೋ ಮಾಸ್ಟ್ ಬಗ್ಗೆ ಓದುವಾಗೆಲ್ಲ ನನಗೆ ಮಾಮನ ಆ ಬೆರಳು ನೆನಪಾಗುತ್ತದೆ.

1974ರ ಮೇ ತಿಂಗಳಲ್ಲಿ ಕಟ್ಟಿ ಮುಗಿಸಿದ ಆ ಮಾಸ್ಟ್‌ನ ಎತ್ತರ 646 ಮೀಟರ್. ನಮ್ಮ ಜೋಗ 253 ಮೀಟರ್, ಅದರ ಎರಡೂವರೆ ಪಟ್ಟು! ಮನುಷ್ಯ ಅಷ್ಟು ಎತ್ತರಕ್ಕೆ ಅದುವರೆಗೆ ಏನನ್ನೂ ಕಟ್ಟಿರಲಿಲ್ಲ. ಆ ಎತ್ತರವನ್ನು ಮೀರಿದ್ದು ದುಬೈನ ಬುರ್ಜ್ ಖಲೀಫಾ, ಅದೂ 2008ರಲ್ಲಿ.

ಇಷ್ಟು ಎತ್ತರ ಸುಮ್ನೆ ಹೆಸರಿಗಾಗಿ ಅಂದುಕೊಳ್ಳಬೇಡಿ. ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಇಂಥ ರೇಡಿಯೋ ಕೇಂದ್ರಗಳಲ್ಲಿ ಮಾಸ್ಟ್‌ನ ತುದಿಗೆ ಬೇರೆ ಆಂಟೆನಾ ಇರುವುದಿಲ್ಲ, ಇಡೀ ಕಬ್ಬಿಣದ ಕಂಬವೇ ಆಂಟೆನಾ. ಅಲೆ ಎಷ್ಟು ಉದ್ದವೋ ಅದಕ್ಕೆ ತಕ್ಕ ಎತ್ತರ ಬೇಕು. ನಮ್ಮ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಅಲೆ ಸುಮಾರು 444 ಮೀಟರ್ ಉದ್ದ. ಪೋಲೆಂಡಿನದು ಲಾಂಗ್ ವೇವ್, 227 ಕಿಲೋಹರ್ಟ್ಸ್, ಅಲೆಯ ಉದ್ದವೇ 1,320 ಮೀಟರ್. ಅದರ ಹತ್ತಿರ ಹತ್ತಿರ ಅರ್ಧದಷ್ಟು ಎತ್ತರಕ್ಕೆ ಕಂಬ ಎಬ್ಬಿಸಿದರು. ಟ್ರಾನ್ಸ್‌ಮಿಟರ್ ಶಕ್ತಿ 2,000 ಕಿಲೋವ್ಯಾಟ್. ಕಂಬದಲ್ಲೇ ಕರೆಂಟ್ ಹರಿಯುವುದರಿಂದ ಅದು ನೇರ ನೆಲಕ್ಕೆ ತಾಗುವ ಹಾಗಿಲ್ಲ, ಕರೆಂಟ್ ದಾಟಗೊಡದ ಇನ್ಸುಲೇಟರ್ ಮೇಲೆ ನಿಲ್ಲಬೇಕು. 420 ಟನ್ ಉಕ್ಕು ಒಂದು ಇನ್ಸುಲೇಟರ್ ಮೇಲೆ ನಿಂತಿತ್ತು ಅಂದರೆ ಯೋಚನೆ ಮಾಡಿ.

ಹಾಗಾದರೆ ಅದು ಬೀಳದಂತೆ ಹಿಡಿದಿದ್ದು ಯಾವುದು? ಹಗ್ಗ. ನಮ್ಮ ಲೈನ್‌ಮನ್‌ಗಳು ಕರೆಂಟ್ ಕಂಬಕ್ಕೆ ಸ್ಟೇ ವೈರ್ ಕಟ್ಟುತ್ತಾರಲ್ಲ, ಅದೇ ಲೆಕ್ಕ. ಐದು ಎತ್ತರಗಳಲ್ಲಿ, ಮೂರು ದಿಕ್ಕಿಗೆ, ಒಟ್ಟು 15 ಉಕ್ಕಿನ ಹಗ್ಗಗಳು. ಗಾಳಿ ಬೀಸಿದಾಗಲೆಲ್ಲ ಇಂಥ ಹಗ್ಗ ನಡುಗುತ್ತದೆ. ಹಗಲು ರಾತ್ರಿ, ವರ್ಷಗಟ್ಟಲೆ. ಉಕ್ಕಿಗೂ ದಣಿವಾಗುತ್ತದೆ. ಹಾಗಾಗಿ ಒಂದಲ್ಲ ಒಂದು ದಿನ ಹಗ್ಗ ಬದಲಿಸಲೇಬೇಕು.

ಬದಲಿಸುವುದು ಎಷ್ಟು ಕಷ್ಟ ನೋಡಿ. ಮೂರು ಕಡೆಯ ಎಳೆತ ಸಮ ಇದ್ದರೆ ಮಾತ್ರ ಕಂಬ ನೆಟ್ಟಗೆ. ಹಳೆಯದನ್ನು ಬಿಚ್ಚುವ ಮೊದಲು ತಾತ್ಕಾಲಿಕ ಹಗ್ಗ ಕಟ್ಟಿ ಭಾರವನ್ನು ಅದಕ್ಕೆ ದಾಟಿಸಬೇಕು. ಆ ಹೊತ್ತಿನಲ್ಲಿ ಲೆಕ್ಕ ಸ್ವಲ್ಪ ತಪ್ಪಿದರೂ ಮುಗಿಯಿತು. 1991ರ ಆಗಸ್ಟ್ 8ರಂದು ಆಗಿದ್ದು ಅದೇ. ತೀರಾ ಮೇಲಿನ ಹಗ್ಗಗಳನ್ನು ಬದಲಿಸುತ್ತಿದ್ದಾಗ ಕಂಬ ಮೊದಲು ಬಾಗಿತು. ಆಮೇಲೆ ನಡುವಲ್ಲಿ ಮುರಿದು ಕುಸಿಯಿತು. 17 ವರ್ಷ ಗಾಳಿ, ಮಳೆ, ಹಿಮ ತಡೆದುಕೊಂಡದ್ದು ರಿಪೇರಿ ಮಾಡುವಾಗ ಬಿತ್ತು.

ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಕಟ್ಟುವಾಗ ದೊಡ್ಡ ದೊಡ್ಡ ತಲೆಗಳು ಕೂರುತ್ತವೆ, ಹಣ ಬರುತ್ತದೆ, ಫೋಟೋ ತೆಗೆಯುತ್ತಾರೆ. ನೋಡಿಕೊಳ್ಳುವ ಕೆಲಸ ಅಂದ ಕೂಡಲೇ ಅದು ಕಡಿಮೆ ದರ್ಜೆಯ ಕೆಲಸ ಆಗಿಬಿಡುತ್ತದೆ. ಬಣ್ಣ, ಗ್ರೀಸ್, ಬಲ್ಬು, ಇದಕ್ಕೇನು ಬುದ್ಧಿ ಬೇಕು ಅನ್ನುತ್ತಾರೆ. ಜಾಸ್ತಿ ಬುದ್ಧಿ ಬೇಕಾಗಿರುವುದೇ ಇದಕ್ಕೆ ಅಲ್ವಾ? ಕಟ್ಟುವವನ ಕೈಯಲ್ಲಿ ಹೊಸ ಸಾಮಾನು ಇರುತ್ತದೆ. ನೋಡಿಕೊಳ್ಳುವವನು ಹಳೆಯದರ ಒಳಗೆ ಏನಾಗಿದೆ ಅಂತ ಹೊರಗಿನಿಂದಲೇ ತಿಳಿಯಬೇಕು.

ಪೋಲೆಂಡಿನವರು ಆ ಜಾಗದಲ್ಲೇ ಮತ್ತೆ ಕಟ್ಟಲು ಹೊರಟಾಗ ಸುತ್ತಲಿನ ಊರಿನವರು ಒಪ್ಪಲಿಲ್ಲ. ರಾಶಿನ್ ಅನ್ನುವ ಊರಿನ ಹಳೇ ಮಾಸ್ಟ್‌ನಿಂದ ಪ್ರಸಾರ ಸಾಗಿತು. ಆಮೇಲೆ 1999ರಲ್ಲಿ ಸೊಲೆಟ್ಸ್ ಕುಯಾಫ್‌ಸ್ಕಿ ಅನ್ನುವ ಊರಿನಲ್ಲಿ 330 ಮತ್ತು 289 ಮೀಟರಿನ ಎರಡು ಮಾಸ್ಟ್‌ಗಳು ಬಂದವು.

ನಮ್ಮಲ್ಲಿ ಈಗ ಆಕಾಶವಾಣಿಯ ಹಲವು ಎಎಂ ಟ್ರಾನ್ಸ್‌ಮಿಟರ್‌ಗಳು ಪ್ರಸಾರ ನಿಲ್ಲಿಸಿವೆ. ಕಾಲ ಬದಲಾಗಿದೆ, ಆ ತಕರಾರಿಲ್ಲ. ಆದರೆ ಪ್ರಸಾರ ನಿಂತ ಮಾತ್ರಕ್ಕೆ ಗಾಳಿ ನಿಲ್ಲುವುದಿಲ್ಲ, ತುಕ್ಕೂ ನಿಲ್ಲುವುದಿಲ್ಲ. ಮಾಸ್ಟ್ ನಿಂತಿರುವಷ್ಟು ದಿನ ಹಗ್ಗ ನೋಡುವ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು. ಬೇಡವಾಗಿದ್ದರೆ ತಿಳಿದವರ ಕೈಯಲ್ಲಿ ಜೋಪಾನವಾಗಿ ಇಳಿಸಿ. ಯಾರೂ ತಿರುಗಿ ನೋಡದೆ ಹಾಗೇ ಬಿಡುವುದು ಮಾತ್ರ ಬೇಡ.

ಹೋದ ಯುಗಾದಿಗೆ ಊರಿಗೆ ಹೋದಾಗ ಮಾಮನಿಗೆ ಈ ಕಥೆ ಹೇಳಿದೆ. ರಿಟೈರ್ ಆಗಿ ಎಷ್ಟೋ ವರ್ಷ ಆಯಿತು, ಕಿವಿ ಸ್ವಲ್ಪ ಮಂದ. ಎತ್ತರ ಹೇಳಿದೆ, ಅವರು ತಲೆ ಆಡಿಸಿದರು. ಬಿದ್ದದ್ದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸದವರಿಗೆ ಏನಾಯ್ತು?" ಅಂದರು.

"ಯಾರ ಜೀವಕ್ಕೂ ಏನೂ ಆಗಲಿಲ್ಲ ಮಾಮ."

"ಹಂಗಾದ್ರೆ ಸರಿ" ಅಂದು ಕಾಫಿ ಲೋಟ ಎತ್ತಿಕೊಂಡರು.