ಪುಂಡಿಪಲ್ಲೆಗೊಂದು ಜೋಡಿ

ಒಗ್ಗರಣಿ ಇದ್ದಲ್ಲಿ ಮಿರ್ಚಿ ಭಜಿ ಇರಲೇಬೇಕು. ಕೊಪ್ಪಳದ ಯಾವ ಹೋಟೆಲಿಗೆ ಹೋದರೂ ಮುಂಜಾನೆ ಮಂಡಾಳು (ಮಂಡಕ್ಕಿ) ಒಗ್ಗರಣಿಯ ತಟ್ಟೆಯಲ್ಲಿ ಮಿರ್ಚಿ ತಾನಾಗಿಯೇ ಬಂದು ಕೂತಿರುತ್ತದೆ. ರೊಟ್ಟಿಗೆ ಶೇಂಗಾ ಚಟ್ನಿ, ಹೋಳಿಗೆಗೆ ತುಪ್ಪ, ಎಣ್ಣೆಗಾಯಿಗೆ ಕೆನೆಮೊಸರು. ಊಟಕ್ಕೆ ಜೋಡಿ ಕೂಡಿಸುವ ಪಾಠವನ್ನು ನಮಗೆ ಯಾರೂ ಹೇಳಬೇಕಿಲ್ಲ. ವೈನ್ ಎದುರಿಗೆ ಬಂದಾಗ ಮಾತ್ರ ಧೈರ್ಯ ಕುಸಿದು ಪುಸ್ತಕ ತೆಗೆಯುತ್ತೇವೆ.

ಸೋವಿನ್ಯೋಂ ಬ್ಲಾಂ ಎಂಬ ಬಿಳಿ ವೈನಿಗೆ ಪುಸ್ತಕ ಹೇಳುವ ಜೋಡಿ ಆಡಿನ ಹಾಲಿನ ಚೀಸು. ನಮ್ಮಲ್ಲಿ ಆಡು ಬೇಕಾದಷ್ಟಿವೆ, ಚೀಸು ಮಾಡುವವರಿಲ್ಲ. ಈ ಜೋಡಿ ಎಲ್ಲಿಂದ ಬಂತೆಂದು ನೋಡಿದರೆ ದೊಡ್ಡ ಗುಟ್ಟೇನೂ ಇಲ್ಲ. ಫ್ರಾನ್ಸಿನ ಲುವಾರ್ ನದಿಯ ಮೇಲೆ ಸಾನ್ಸೇರ್ ಅಂತ ಒಂದು ಗುಡ್ಡದೂರು. ಸುಣ್ಣಕಲ್ಲಿನ ನೆಲ. ಇದೇ ದ್ರಾಕ್ಷಿಯಿಂದ ಮಾಡುವ ಅಲ್ಲಿಯ ಬಿಳಿ ವೈನಿಗೆ 1936ರಲ್ಲೇ ಊರ ಹೆಸರಿನ ಕಾನೂನು ರಕ್ಷಣೆ ಸಿಕ್ಕಿತು. ಮಗ್ಗುಲಲ್ಲೇ ಇರುವ ಶಾವಿನ್ಯೋಲ್ ಹಳ್ಳಿ ಆಡಿನ ಚೀಸಿಗೆ ಹೆಸರುವಾಸಿ. ಮನೆಯಲ್ಲಿ ಏನಿತ್ತೋ ಅದನ್ನು ಕೂಡಿಸಿಕೊಂಡು ತಿಂದರು, ಪುಸ್ತಕದವರು ಅದನ್ನೇ ಬರೆದುಕೊಂಡರು. ಅವರ ಒಗ್ಗರಣಿ-ಮಿರ್ಚಿ ಅದು, ಅಷ್ಟೇ.

ಈ ದ್ರಾಕ್ಷಿಬಳ್ಳಿ ನಮ್ಮ ಜಿಲ್ಲೆಯಲ್ಲೂ ಇದೆ. ಬಾಟಲಿಯ ಮೇಲೆ ಮಾತ್ರ ‘ಹಂಪಿ ಹಿಲ್ಸ್’ ಎಂದಿರುತ್ತದೆ. ನಮ್ಮ ಆನೆಗೊಂದಿ, ಅಂಜನಾದ್ರಿ ನೋಡಿ ಹೋದವರೂ ಹಂಪಿ ನೋಡಿಬಂದೆವು ಅನ್ನುತ್ತಾರಲ್ಲ, ಕೊಪ್ಪಳದವರಿಗೆ ಇದೇನು ಹೊಸದಲ್ಲ. (ಬಳ್ಳಾರಿಯವರೂ ನಗುವ ಹಾಗಿಲ್ಲ, 2021ರಲ್ಲಿ ಹಂಪಿ ಅವರ ಕೈಯನ್ನೂ ಬಿಟ್ಟು ವಿಜಯನಗರ ಜಿಲ್ಲೆಗೆ ಹೋಯಿತು.) ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಬಳ್ಳಿ ನಿದ್ದೆ ಹೋಗುತ್ತದೆ. ನಮ್ಮ ಬಿಸಿಲು ಅದನ್ನು ಮಲಗಗೊಡುವುದಿಲ್ಲ. ಅದಕ್ಕೇ ಏಪ್ರಿಲ್ ಹೊತ್ತಿಗೊಂದು ಚಾಟ್ನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್ ಹೊತ್ತಿಗೊಂದು ಚಾಟ್ನಿ. ಎರಡನೆಯದರ ಫಲ ಬಿರುಬೇಸಿಗೆಗೆ ಮೊದಲೇ ಕೊಯ್ಲಿಗೆ ಬರಬೇಕು, ಯಾಕೆಂದರೆ ಬಿಸಿಲು ಏರಿದಷ್ಟೂ ಹಣ್ಣಿನ ಹುಳಿ ಇಳಿಯುತ್ತದೆ. ಹುಳಿ ಇಳಿದರೆ ಈ ವೈನಿನಲ್ಲಿ ಉಳಿಯುವುದೇನೂ ಇಲ್ಲ.

ದಾಳಿಂಬೆ ಬೆಳೆಯುವ ನಮ್ಮ ಮಾವನಿಗೆ ಒಂದು ಗ್ಲಾಸು ಕೊಟ್ಟೆ. ಮುಖ ಕಿವುಚಿ, “ಏನ್ ಅಳಿಯಾ, ಸಕ್ರಿ ಹಾಕೋದ ಮರ್ತಾರೇನ?” ಅಂದ. “ಇದ್ದ ಸಕ್ರಿ ಎಲ್ಲಾ ಕೊಳತು ನಶಾ ಆಗೇತಿ ಮಾವಾ, ಮೂಸಿ ನೋಡ್ರಿ” ಅಂದೆ. ಮೂಸಿದ. “ದೊಣ್ಣಮೆಣಸಿನಕಾಯಿ!” ಮಾವನ ಮೂಗು ಖರೆ ಹೇಳಿತ್ತು. ದೊಣ್ಣಮೆಣಸಿನಕಾಯಿಗೆ ಆ ಹಸಿ ವಾಸನೆ ಕೊಡುವ ಪೈರಜಿನ್ ಎಂಬ ವಸ್ತುವೇ ಈ ದ್ರಾಕ್ಷಿಯಲ್ಲೂ ಇದೆ. ಇದರ ಸಂತಾನವಾದ ಕೆಬರ್ನೆ ಸೋವಿನ್ಯೋಂಗೂ ಆ ಗುಣ ಬಂದಿದೆ. ಆ ಕಪ್ಪುದ್ರಾಕ್ಷಿಯ ಹೆತ್ತವರಲ್ಲಿ ಈ ಬಿಳಿದ್ರಾಕ್ಷಿಯೂ ಒಂದು ಅಂತ ಡಿಎನ್‌ಎ ಪರೀಕ್ಷೆಯಿಂದ 1997ರಲ್ಲಿ ಗೊತ್ತಾಯಿತು.

ಅವತ್ತು ತಾಟಿನಲ್ಲಿ ಪುಂಡಿಪಲ್ಲೆ, ಅಂದರೆ ಹುಳಿಯಾದ ಪುಂಡಿಸೊಪ್ಪಿನ ಪಲ್ಯ ಇತ್ತು. ಜೋಳದ ನುಚ್ಚು ಹಾಕಿ ಕುದಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಶೇಂಗಾ ಎಣ್ಣೆಯಲ್ಲಿ ಕೆಂಪಗೆ ಹುರಿದು ಮೇಲೆ ಸುರಿದದ್ದು. ಬಿಸಿ ರೊಟ್ಟಿ, ಕಚ್ಚಲು ಹಸಿ ಉಳ್ಳಾಗಡ್ಡಿ. ಊಟದ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನು ಸಪ್ಪೆಯಾಗುತ್ತದೆ. ಪುಂಡಿಯ ಎದುರು ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಇದು ನಿಂತಿತು. ಎಣ್ಣೆಯ ಜಿಡ್ಡು ನಾಲಿಗೆಯಿಂದ ಎದ್ದುಹೋಯಿತು, ನುಚ್ಚಿನ ಸಿಹಿ ಮೇಲೆ ಬಂತು. ಮಾವ ಇನ್ನೊಂದು ರೊಟ್ಟಿ ಮುರಿದ, ಸಕ್ಕರೆಯ ಮಾತು ಎತ್ತಲಿಲ್ಲ. ಡ್ಯಾಮಿನ ಮೀನು ಹುರಿದಾಗಲೂ ಚೆನ್ನಾಗಿಯೇ ಹೊಂದುತ್ತದೆ. ಮಿರ್ಚಿಗೆ ಮಾತ್ರ ಬೇಡ. ಖಾರದ ಮೇಲೆ ಮದ್ಯ ಬಿದ್ದರೆ ಉರಿ ಹೆಚ್ಚುತ್ತದೆ, ಅದಕ್ಕೆ ಚಹಾನೇ ಸೈ. ಎಣ್ಣೆಗಾಯಿಯ ಗುರೆಳ್ಳು-ಮಸಾಲೆಯ ಮುಂದೆಯೂ ಪಾಪ ಇದರ ಆಟ ನಡೆಯುವುದಿಲ್ಲ.

ಕುಡಿಯುವಾಗ ಎಂಟು-ಹತ್ತು ಡಿಗ್ರಿ ತಂಪು ಇರಬೇಕಂತೆ. ಬೇಸಿಗೆಯಲ್ಲಿ ಗ್ಲಾಸು ಮೇಜಿಗೆ ಬರುವಷ್ಟರಲ್ಲೇ ಬೆವರುತ್ತದೆ. ಅದಕ್ಕೇ ನಾನು ನಾಲ್ಕು ಗುಟುಕಷ್ಟೇ ಸುರಿದುಕೊಂಡು ಬಾಟಲಿಯನ್ನು ತಿರುಗಿ ಫ್ರಿಜ್ಜಿಗೆ ಸೇರಿಸುತ್ತೇನೆ. ಕರೆಂಟು ಹೋದ ದಿನ ಐಸ್ ತುಂಡನ್ನೂ ಹಾಕಿಕೊಳ್ಳುತ್ತೇನೆ. ವೈನ್ ಪಂಡಿತರಿಗೆ ಇದು ಸರಿಬರದಿದ್ದರೆ ಮೇ ತಿಂಗಳಲ್ಲಿ ಒಮ್ಮೆ ಕೊಪ್ಪಳಕ್ಕೆ ಬರಲಿ, ಆಮೇಲೆ ಮಾತಾಡೋಣ.