ವಯಸ್ಕರ ಇಂಗ್ಲಿಷ್ ಓದು-ಬರಹ: ಸ್ವಯಂಸೇವಕರ ಕೈಗೆ ಬಿಡಬಹುದೇ?

ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್, ಬಡಾವಣೆಯ ಗ್ರಂಥಾಲಯ, ಸಂಜೆ ಖಾಲಿ ಬೀಳುವ ಶಾಲೆಯ ಕೊಠಡಿ, ಹೀಗೆ ಜಾಗ ಸಿಕ್ಕಲ್ಲೆಲ್ಲ ಮನೆಗೆಲಸದವರಿಗೆ, ಸೆಕ್ಯುರಿಟಿಯವರಿಗೆ, ಡ್ರೈವರುಗಳಿಗೆ ಇಂಗ್ಲಿಷ್ ಓದು-ಬರಹ ಕಲಿಸುವ ಬಿಡುವಿನ ತರಗತಿಗಳು ನಡೆಯುತ್ತವೆ. ಕಲಿಸುವವರಿಗೆ ಸಂಬಳವಿಲ್ಲ, ಬಿ.ಎಡ್ ಇಲ್ಲ. ಈ ಕೆಲಸ ಅವರಿಂದ ಆಗುತ್ತದೆಯೇ?

ಪರ: ಬಾಯಲ್ಲಿ ಇರುವುದನ್ನು ಕಣ್ಣಿಗೆ ತೋರಿಸಿ

ಮನೆಗೆಲಸಕ್ಕೆ ಬರುವ, ಐವತ್ತು ಸಮೀಪಿಸಿದ ಹೆಂಗಸನ್ನು ಕೇಳಿದರೆ ‘ನಂಗೆಲ್ಲಿ ಬರುತ್ತೆ ಇಂಗ್ಲಿಷು’ ಎನ್ನುತ್ತಾರೆ. ಅವರ ಒಂದು ದಿನದ ಮಾತನ್ನೇ ಕಿವಿಗೊಟ್ಟು ಕೇಳಿ: ಬಸ್ಸು, ಸ್ಟಾಪು, ಗ್ಯಾಸು, ಲಿಫ್ಟು, ಬಿಲ್ಲು, ಡ್ಯೂಟಿ, ಲೇಟು, ಅಡ್ವಾನ್ಸು. ಆಸ್ಪತ್ರೆಯ ಮಾತು ಬಂದರೆ ಬೀಪಿ, ಶುಗರು, ಸ್ಕ್ಯಾನು. ನೂರಾರು ಪದ ಆಗಲೇ ಬಾಯಲ್ಲಿವೆ. ಅವು ಕಾಗದದ ಮೇಲೆ ಹೇಗೆ ಕಾಣುತ್ತವೆ ಎಂಬುದಷ್ಟೇ ಗೊತ್ತಿಲ್ಲ. ಅದನ್ನು ತೋರಿಸಲು ವಾರಕ್ಕೆರಡು ಸಲ ಪಕ್ಕದಲ್ಲಿ ಕೂರುವ ಒಬ್ಬರು ಬೇಕು, ಪದವಿ ಬೇಕಿಲ್ಲ.

ಪಕ್ಕದಲ್ಲಿ ಎಂದರೆ ನಿಜವಾಗಿ ಪಕ್ಕದಲ್ಲೇ. ಒಬ್ಬ ಸ್ವಯಂಸೇವಕರಿಗೆ ಇಬ್ಬರು, ಹೆಚ್ಚೆಂದರೆ ಮೂವರು ಕಲಿಯುವವರು. ಮೂವತ್ತು ಜನರ ಮುಂದೆ ಬೋರ್ಡಿನಲ್ಲಿ ಬರೆಯುವ ಮೇಷ್ಟ್ರು ಎಷ್ಟೇ ನುರಿತವರಾದರೂ, ಹಿಂದಿನ ಸಾಲಿನವರು ಬಾಯಾಡಿಸುತ್ತಿದ್ದಾರೋ ಓದುತ್ತಿದ್ದಾರೋ ಅವರಿಗೆ ತಿಳಿಯುವುದಿಲ್ಲ. ವಯಸ್ಸಾದವರು ತಪ್ಪು ಓದುವುದಕ್ಕಿಂತ ಸುಮ್ಮನಿರುವುದನ್ನೇ ಆರಿಸಿಕೊಳ್ಳುತ್ತಾರೆ, ಅದರಲ್ಲೂ ಪಕ್ಕದ ಮನೆಯ ಹುಡುಗಿ ಅದೇ ತರಗತಿಯಲ್ಲಿದ್ದರೆ. ಇಷ್ಟು ಜನರಿಗೆ ಇಷ್ಟು ಹತ್ತಿರ ಕೂರುವ ಮಂದಿಯನ್ನು ಸಂಬಳ ಕೊಟ್ಟು ತರಲು ಯಾರ ಬಜೆಟ್ಟಿಗೂ ಆಗದು.

ಮೊದಲ ಪಾಠ ಅವರ ಹೆಸರು. ಆಧಾರ್ ಕಾರ್ಡು ತರಲು ಹೇಳಿ. ಅದರಲ್ಲಿ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದರ ಕೆಳಗೊಂದು ಇರುತ್ತದೆ. ಕನ್ನಡ ಓದಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕವಿಲ್ಲ. ‘ಲಕ್ಷ್ಮಮ್ಮ’ ಕನ್ನಡದಲ್ಲಿ ಮೂರಕ್ಷರ, ಇಂಗ್ಲಿಷಿನಲ್ಲಿ ಹತ್ತು. ಯಾಕೆ ಹತ್ತು ಎಂಬುದರಲ್ಲೇ ಅರ್ಧ ಪಾಠ ಇದೆ. ನಮ್ಮ ‘ಲ’ದೊಳಗೆ ‘ಅ’ ಅಡಗಿದೆ. ಇಂಗ್ಲಿಷಿನ ‘ಎಲ್’ ಬರೀ ‘ಲ್’, ಸ್ವರವನ್ನು ಪಕ್ಕದಲ್ಲಿ ಬೇರೆಯಾಗಿ ಇಡಬೇಕು. ಕನ್ನಡ ಬಲ್ಲವರು ಮೊದಮೊದಲು ಹೆಸರಿನ ‘ಎ’ಗಳನ್ನೆಲ್ಲ ಬಿಟ್ಟು ಬರೆಯುತ್ತಾರೆ. ಅದು ದಡ್ಡತನವಲ್ಲ, ಕನ್ನಡದ ಲೆಕ್ಕಾಚಾರವನ್ನು ಸರಿಯಾಗಿಯೇ ಪಾಲಿಸುತ್ತಿದ್ದಾರೆ. ‘ಇಲ್ಲಿ ಎಲ್ಲ ವ್ಯಂಜನವೂ ಅರ್ಧಾಕ್ಷರ, ಅಮ್ಮ’ ಎಂದು ಒಮ್ಮೆ ಹೇಳಿದರೆ ಬಹಳಷ್ಟು ಗಂಟು ಬಿಚ್ಚಿಕೊಳ್ಳುತ್ತದೆ. ಈ ಮಾತನ್ನು ಹೇಳಬಲ್ಲವರು ಕನ್ನಡ ಬಲ್ಲ ಸ್ವಯಂಸೇವಕರೇ ಹೊರತು ಇಂಗ್ಲಿಷ್ ಎಂ.ಎ. ಅಲ್ಲ.

‘ಎ ಫಾರ್ ಆಪಲ್’ ಪುಸ್ತಕವನ್ನು ಮಾತ್ರ ದಯವಿಟ್ಟು ತರಬೇಡಿ. ಮೊಮ್ಮಗನ ಪುಸ್ತಕ ಅಜ್ಜಿಯ ಕೈಗಿಟ್ಟರೆ ಆಗುವ ಮುಜುಗರ ಒಂದು ಕಡೆ ಇರಲಿ, ಆ ಕ್ರಮವೇ ಕೆಲಸಕ್ಕೆ ಬಾರದು. ಬಿ, ಯು, ಎಸ್, ಟಿ, ಓ, ಪಿ, ಈ ಆರೇ ಅಕ್ಷರದಲ್ಲಿ ‘ಬಸ್ ಸ್ಟಾಪ್’ ಮುಗಿಯುತ್ತದೆ. ಐ, ಎಲ್ ಸೇರಿಸಿದರೆ ಬಿಲ್, ಲಿಸ್ಟ್, ಸ್ಲಿಪ್, ಆಯಿಲ್. ಎರಡನೇ ವಾರಕ್ಕೇ ಓದಿದ ಅನುಭವ ಬರುತ್ತದೆ, ಮೂರನೇ ವಾರಕ್ಕೆ ತರಗತಿಗೆ ಬರುವಂತೆ ಮಾಡುವುದು ಅದೇ. ದೊಡ್ಡಕ್ಷರ ಮೊದಲು, ಏಕೆಂದರೆ ಅರ್ಜಿಯ ಚೌಕ, ಮಾತ್ರೆಯ ಪಟ್ಟಿ, ಅಂಗಡಿಯ ಬೋರ್ಡು ಹೆಚ್ಚಾಗಿ ಅದರಲ್ಲೇ ಇರುತ್ತವೆ. ಸಣ್ಣಕ್ಷರ ಒಂದು ತಿಂಗಳ ನಂತರ. ಸಣ್ಣ ‘ಬಿ’ ಮತ್ತು ಸಣ್ಣ ‘ಡಿ’ಯನ್ನು ಒಂದೇ ದಿನ ಕಲಿಸಿದರೆ ಎರಡೂ ಹೋದಂತೆಯೇ. ಒಂದು ಇನ್ನೊಂದರ ಕನ್ನಡಿ ಬಿಂಬ, ನಡುವೆ ಎರಡು ವಾರ ಅಂತರವಿರಲಿ.

ಉಪಯೋಗಕ್ಕೆ ಬರುವ ಪಾಠ ಎಷ್ಟು ಚಿಕ್ಕದಿರಬಹುದು ಎಂಬುದಕ್ಕೆ ಗ್ಯಾಸ್ ಸಿಲಿಂಡರ್ ನೋಡಿ. ಮೇಲಿನ ಹಿಡಿಕೆಯನ್ನು ಹೊತ್ತ ಪಟ್ಟಿಗಳಲ್ಲಿ ಒಂದರ ಮೇಲೆ ಒಂದು ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಬರೆದಿರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಉಳಿದ ಮೂರು ತಿಂಗಳು. ‘ಬಿ-27’ ಎಂದಿದ್ದರೆ 2027ರ ಜೂನ್ ಒಳಗೆ ಆ ಸಿಲಿಂಡರಿನ ಪರೀಕ್ಷೆ ಆಗಬೇಕು. ದಿನ ದಾಟಿದ್ದನ್ನು ತಂದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸಬಹುದು. ನಾಲ್ಕೇ ಅಕ್ಷರ, ಅರ್ಧ ತಾಸಿನ ಪಾಠ. ಮಾತ್ರೆ ಪಟ್ಟಿಯೂ ಹಾಗೆಯೇ. ಅದರಲ್ಲಿ ಎರಡು ತಾರೀಕು ಇರುತ್ತವೆ, ಮೊದಲು ಕಂಡದ್ದನ್ನೇ ಮುಗಿಯುವ ತಾರೀಕು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ‘ಇ ಎಕ್ಸ್ ಪಿ’ ಎಂಬ ಮೂರಕ್ಷರ ಹುಡುಕಿ ಅದರ ಮುಂದಿನದನ್ನು ಓದುವುದನ್ನು ಐದಾರು ಹಳೆಯ ಪಟ್ಟಿಗಳಿಟ್ಟು ರೂಢಿ ಮಾಡಿಸಬೇಕು.

ಇನ್ನೊಂದು, ಯಾರೂ ಹೇಳದ ವಿಷಯ. ನಲವತ್ತು ದಾಟಿದವರು ಅಕ್ಷರ ಗುರುತಿಸದಿದ್ದರೆ ತಲೆಯನ್ನು ದೂರುವ ಮೊದಲು ಕಣ್ಣು ನೋಡಿ. ಪುಸ್ತಕವನ್ನು ತೋಳುದ್ದ ದೂರ ಹಿಡಿಯುತ್ತಿದ್ದಾರೆಂದರೆ ಚಾಳೀಸು ಬಂದಿದೆ, ಬೇಕಿರುವುದು ಕನ್ನಡಕ.

ತರಬೇತಿ ಇಲ್ಲದವರು ಎಂಬ ಆಕ್ಷೇಪಕ್ಕೆ ಉತ್ತರ ತರಬೇತಿ ಕೊಡುವುದು. ಅಮೆರಿಕದ ಸಿರಾಕ್ಯೂಸ್ ಊರಿನಲ್ಲಿ 1962ರಲ್ಲಿ ರೂತ್ ಕಾಲ್ವಿನ್ ಶುರುಮಾಡಿದ ಸ್ವಯಂಸೇವಕರ ಸಂಸ್ಥೆ ವಿಶ್ವವಿದ್ಯಾಲಯದ ಓದಿನ ತಜ್ಞರ ನೆರವಿನಿಂದ ಮೊದಲು ಕಲಿಸುವವರನ್ನೇ ಕೂರಿಸಿ ಕಲಿಸಿತು. 2002ರಲ್ಲಿ ಅದು ಅಮೆರಿಕದ ಮಿಷನರಿ ಫ್ರಾಂಕ್ ಲಾಬಾಕ್ ಕಟ್ಟಿದ ಸಂಸ್ಥೆಯೊಡನೆ ಸೇರಿ ‘ಪ್ರೊಲಿಟರಸಿ’ ಆಯಿತು. ನಮ್ಮಲ್ಲಿ ಕೇಂದ್ರದ ‘ಉಲ್ಲಾಸ್’ ಸಾಕ್ಷರತಾ ಕಾರ್ಯಕ್ರಮವೂ ಸ್ವಯಂಸೇವಕರ ಮೇಲೆಯೇ ನಿಂತಿದೆ. ಅದು ಕಲಿಸುವುದು ಕಲಿಯುವವರ ಭಾಷೆಯಲ್ಲಿ, ಸರಿಯಾಗಿಯೇ ಇದೆ. ಆದರೆ ನಗರದಲ್ಲಿ ದುಡಿಯುವವರಿಗೆ ಇಂಗ್ಲಿಷಿನ ಅಗತ್ಯ ಇವತ್ತಿನದು, ಅದಕ್ಕೊಂದು ಸರ್ಕಾರಿ ಯೋಜನೆ ಬರುವವರೆಗೆ ಕಾಯಿರಿ ಎಂದು ಹೇಳುವವರು ಅವರ ಪರವಾಗಿ ಅರ್ಜಿ ತುಂಬುವುದಕ್ಕಾದರೂ ಬರಲಿ.

ವಿರೋಧ: ಅರ್ಧ ಓದು ಅಪಾಯದ ಓದು

‘ಬಸ್ ಸ್ಟಾಪ್’ ಓದಿಸಿದ್ದು ಚೆನ್ನಾಗಿದೆ. ಕನ್ನಡ ಓದಬಲ್ಲ ಆಕೆಗೆ ಬಿಎಂಟಿಸಿ ಬೋರ್ಡು ಕನ್ನಡದಲ್ಲೇ ಇದೆ, ಮೆಟ್ರೊ ನಿಲ್ದಾಣದ ಹೆಸರೂ ಇದೆ. ಅವರು ಇಂಗ್ಲಿಷ್ ತರಗತಿ ಹುಡುಕಿಕೊಂಡು ಬಂದದ್ದು ಮಗನ ಶಾಲೆಯ ಡೈರಿಗೆ, ಬ್ಯಾಂಕಿನ ಮೆಸೇಜಿಗೆ, ಕೆಲಸ ಕೊಡಿಸುವ ಏಜೆನ್ಸಿಯವರು ಸಹಿ ಹಾಕಿ ಎಂದು ಮುಂದೊಡ್ಡುವ ಕಾಗದಕ್ಕೆ. ಅಲ್ಲಿರುವುದು ಬಿಡಿ ಪದಗಳಲ್ಲ, ವಾಕ್ಯ.

ಬಾಯಲ್ಲಿರುವ ಪದವನ್ನು ಕಣ್ಣಿಗೆ ತೋರಿಸುವ ವಿಧಾನದಿಂದ ಬ್ಯಾಂಕಿನ ಮೆಸೇಜು ಓದಿ ನೋಡಿ. ‘ಓಟಿಪಿ’ ಗೊತ್ತು. ‘ಶೇರ್’ ಗೊತ್ತು, ಶೇರ್ ಆಟೊದಿಂದ ಹಿಡಿದು ಫೋಟೊ ಶೇರ್ ಮಾಡುವವರೆಗೆ ದಿನವೂ ಬಳಸುವ ಪದ. ಇವೆರಡರ ನಡುವೆ ‘ಡು ನಾಟ್’ ಎಂದಿದೆ. ಅದು ಬಾಯಲ್ಲಿಲ್ಲ, ಕಣ್ಣು ಹಾರಿಸಿಬಿಡುತ್ತದೆ. ‘ಯಾರಿಗೂ ಹೇಳಬೇಡಿ’ ಎಂಬ ಮಾತು ‘ಹೇಳಿ’ ಎಂದಾಯಿತು. ಏನೂ ಓದಲು ಬಾರದವರು ಫೋನನ್ನು ಮಗಳ ಕೈಗೆ ಕೊಡುತ್ತಿದ್ದರು. ನಾಲ್ಕು ತಿಂಗಳು ಕಲಿತವರು ತಾವೇ ಓದಿದೆವೆಂದುಕೊಳ್ಳುತ್ತಾರೆ. ‘ಡೆಬಿಟೆಡ್’, ‘ಕ್ರೆಡಿಟೆಡ್’ ಕಥೆಯೂ ಇದೇ: ಬಾಲ ಒಂದೇ, ದುಡ್ಡು ಹೋಗುವ ದಿಕ್ಕು ಬೇರೆ.

ಅಮೆರಿಕದ ಮಾದರಿ ತೋರಿಸುವವರು ಅದು ಎಲ್ಲಿ, ಯಾವ ಭಾಷೆಯಲ್ಲಿ ಗೆದ್ದಿತು ಎಂಬುದನ್ನು ಬಿಟ್ಟುಬಿಡುತ್ತಾರೆ. ಲಾಬಾಕ್ 1930ರ ಸುಮಾರಿಗೆ ಫಿಲಿಪ್ಪೀನ್ಸಿನ ಲನಾವೊದಲ್ಲಿ ಕಲಿಸಿದ್ದು ಅಲ್ಲಿನವರ ಸ್ವಂತ ಮರನಾವೊ ಭಾಷೆಯನ್ನು. ಅದಕ್ಕೆ ರೋಮನ್ ಲಿಪಿಯಲ್ಲಿ ಉಚ್ಚಾರಕ್ಕೆ ತಕ್ಕ ಬರಹವನ್ನು ಮೊದಲು ರೂಪಿಸಿಕೊಂಡಿದ್ದರು. ಮನೆಮಾತು, ಹೇಳಿದಂತೆ ಬರೆಯುವ ಲಿಪಿ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಕಲಿಸುವುದು ಖಂಡಿತ ಸಾಧ್ಯ. ‘ಕಲಿತವರೆಲ್ಲ ಇನ್ನೊಬ್ಬರಿಗೆ ಕಲಿಸಲಿ’ ಎಂಬ ಉಪಾಯವಾದರೂ ಹುಟ್ಟಿದ್ದು ಶಿಕ್ಷಕರಿಗೆ ಕೊಡಲು ಹಣ ನಿಂತುಹೋದಾಗ. ಸಿರಾಕ್ಯೂಸಿನಿಂದ ಪ್ರಸಿದ್ಧವಾದ ಒಂದು ಕ್ರಮವೂ ಹಾಗೆಯೇ. ಕಲಿಯುವವರು ಒಂದು ಮಾತು ಹೇಳುತ್ತಾರೆ, ಕಲಿಸುವವರು ಅದನ್ನು ಹಾಗೇ ಬರೆದುಕೊಡುತ್ತಾರೆ, ಕಲಿಯುವವರು ತಮ್ಮದೇ ಮಾತನ್ನು ಓದುತ್ತಾರೆ. ಇಂಗ್ಲಿಷ್ ಮಾತಾಡುವವರಿಗೆ ಸೊಗಸಾದ ಕ್ರಮ. ಬೆಂಗಳೂರಿನಲ್ಲಿ ಆಕೆ ಕನ್ನಡದಲ್ಲಿ ಹೇಳುತ್ತಾರೆ, ಸ್ವಯಂಸೇವಕಿ ಇಂಗ್ಲಿಷಿಗೆ ತಿರುಗಿಸಿ ಬರೆಯುತ್ತಾರೆ. ಆಗ ಓದುವುದು ಯಾರ ಮಾತನ್ನು? ಕಿವಿಗೆ ಬೀಳದ ವಾಕ್ಯ ಕಣ್ಣಿಗೆ ಹತ್ತುವುದಿಲ್ಲ.

ಇನ್ನು ಸ್ಪೆಲ್ಲಿಂಗ್. ಇಪ್ಪತ್ತಾರು ಅಕ್ಷರ, ನಲವತ್ತಕ್ಕೂ ಹೆಚ್ಚು ಧ್ವನಿ. ಮೇಲಿನ ಲೇಖನದ ಪಟ್ಟಿಯನ್ನೇ ತೆಗೆದುಕೊಳ್ಳಿ: ‘ಸ್ಟಾಪ್’, ‘ಆಯಿಲ್’. ಎರಡನೇ ವಾರದಲ್ಲೇ ‘ಓ’ ಎರಡು ಬಗೆಯಾಗಿ ನುಡಿಯಿತು. ಮೂರನೇ ವಾರ ‘ಎ’ ಬಂದಾಗ ಗ್ಯಾಸ್, ಕಾಲ್, ಲೇಟ್ ಮೂರರಲ್ಲೂ ಒಂದೇ ಅಕ್ಷರ, ಮೂರು ದನಿ. ‘ಯಾಕೆ ಮೇಡಂ?’ ಎಂದರೆ ಒಳ್ಳೆಯ ಮನಸ್ಸಿನ ಸ್ವಯಂಸೇವಕರ ಉತ್ತರ ‘ಇಂಗ್ಲಿಷೇ ಹಾಗೆ’. ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡವರಿಗೆ ಗೊತ್ತು, ಅದು ಪೂರ್ತಿ ಹಾಗಲ್ಲ. ಮೊದಲು ಒಂದೇ ಹ್ರಸ್ವ ಸ್ವರದ ಮೂರಕ್ಷರದ ಪದಗಳು: ಟ್ಯಾಪ್, ಬ್ಯಾಗ್, ಗ್ಯಾಸ್. ಅವು ಗಟ್ಟಿಯಾದ ಮೇಲೆ ‘ಟ್ಯಾಪ್’ನ ಕೊನೆಗೆ ಒಂದು ‘ಇ’ ಇಟ್ಟರೆ ‘ಟೇಪ್’ ಆಗುವುದನ್ನು ತೋರಿಸಬೇಕು, ಅದು ನುಡಿಯದ ‘ಇ’, ಹಿಂದಿನ ಸ್ವರವನ್ನು ಎಳೆಯುವುದಕ್ಕಷ್ಟೇ ಇರುವುದು. ಆಮೇಲೆ ಜೋಡಿ ಸ್ವರಗಳು. ‘ಆಯಿಲ್’ ಬರಬೇಕಾದ್ದು ಇಲ್ಲಿ. ಕ್ರಮ ತಪ್ಪಿದರೆ ಕಲಿಯುವವರು ಅಕ್ಷರ ಕೂಡಿಸುವುದನ್ನೇ ಬಿಟ್ಟು ಪದದ ಮೊದಲಕ್ಷರ ನೋಡಿ ಊಹಿಸತೊಡಗುತ್ತಾರೆ. ಊಹೆಯ ಚಾಳಿ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಅರ್ಧಾಕ್ಷರದ ಯುಕ್ತಿ ನಿಜಕ್ಕೂ ಚೆನ್ನ, ಆದರೆ ಕನ್ನಡ ಓದಬಲ್ಲವರಿಗೆ ಮಾತ್ರ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ, ಶಾಲೆಯ ಮುಖವನ್ನೇ ನೋಡದವರಿಗೆ ಒಂದು ಗುರುತು ಒಂದು ದನಿಗೆ ನಿಲ್ಲುತ್ತದೆ ಎಂಬುದೇ ಹೊಸತು. ಅದನ್ನು ಕಲಿಯಲು ಕನ್ನಡದಷ್ಟು ನೇರವಾದ ಲಿಪಿ ಕೈಯಲ್ಲಿರುವಾಗ, ಮೊದಲ ದಿನವೇ ಇಂಗ್ಲಿಷಿನ ಗೋಜಲಿಗೆ ತಳ್ಳುವುದು ಈಜು ಬಾರದವರನ್ನು ಸುಳಿಗೆ ಇಳಿಸಿದ ಹಾಗೆ.

ಗಂಟೆಯ ಲೆಕ್ಕ ಹಾಕೋಣ. ವಾರಕ್ಕೆ ಎರಡು ಪಾಠ, ಒಂದೂವರೆ ತಾಸಿನವು, ಆರು ತಿಂಗಳು: 78 ತಾಸು. ಮೂರರಲ್ಲೊಂದು ಪಾಠ ತಪ್ಪಿದರೆ 52. ತಪ್ಪುವುದಕ್ಕೆ ಕಾರಣಗಳು ಎರಡೂ ಕಡೆ ಇವೆ. ಒಂದು ಕಡೆ ತಿಂಗಳ ಮೊದಲಿಗೆ ಬದಲಾಗುವ ಶಿಫ್ಟು, ಊರ ಜಾತ್ರೆ, ಮಗುವಿನ ಜ್ವರ. ಇನ್ನೊಂದು ಕಡೆ ಮಾರ್ಚ್ ತಿಂಗಳ ಆಫೀಸು ಕೆಲಸ, ಪ್ರಾಜೆಕ್ಟಿನ ಗಡುವು, ವರ್ಗಾವಣೆ. ಸಂಬಳವಿಲ್ಲದವರನ್ನು ‘ಯಾಕೆ ಬರಲಿಲ್ಲ’ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ, ಕಲಿಯುವವರಿಗಂತೂ ಮೊದಲೇ ಇಲ್ಲ. ಸ್ವಯಂಸೇವಕರು ಬದಲಾದಾಗ ಹಿಂದಿನವರು ಎಲ್ಲಿಗೆ ನಿಲ್ಲಿಸಿದ್ದರು ಎಂಬ ಟಿಪ್ಪಣಿ ಸಾಮಾನ್ಯವಾಗಿ ಇರುವುದಿಲ್ಲ. ಹೊಸಬರು ಮತ್ತೆ ‘ಎ’ಯಿಂದ ಶುರು. ಮೂರು ಸಲ ‘ಎ’ ಕಲಿತವರು ನಾಲ್ಕನೇ ಸಲ ಬರುವುದಿಲ್ಲ. ಆಗ ರಿಜಿಸ್ಟರಿನಲ್ಲಿ ‘ಆಸಕ್ತಿ ಇಲ್ಲ’ ಎಂದು ಬರೆದುಕೊಳ್ಳುತ್ತೇವೆ.

ದುಡ್ಡಿನ ಮಾತೂ ಬರಲಿ. 2009ರಿಂದ 2018ರವರೆಗೆ ನಡೆದ ‘ಸಾಕ್ಷರ ಭಾರತ’ ಎಂಬ ಕೇಂದ್ರದ ವಯಸ್ಕರ ಸಾಕ್ಷರತಾ ಯೋಜನೆಯಲ್ಲಿ ಪಾಠ ಹೇಳುವವರಿಗೆ ಏನೂ ಇರದಿದ್ದರೂ ಪಂಚಾಯಿತಿಯ ಕೇಂದ್ರ ನಡೆಸುವ ಪ್ರೇರಕರಿಗೆ ತಿಂಗಳಿಗೆ 2000 ರೂಪಾಯಿ ಗೌರವಧನವಿತ್ತು. ಹೆಸರಿಗೆ ಗೌರವ, ಮೊತ್ತದಲ್ಲಿ ಅಷ್ಟಕ್ಕಷ್ಟೇ, ಆದರೂ ಬಾಗಿಲು ತೆರೆಯುವ ಹೊಣೆ ಒಬ್ಬರಿಗಿತ್ತು. 2022ರಿಂದ 2027ರವರೆಗಿನ ಉಲ್ಲಾಸ್‌ಗೆ ನಿಗದಿಯಾದದ್ದು 1037.90 ಕೋಟಿ ರೂಪಾಯಿ, ಗುರಿ 5 ಕೋಟಿ ಕಲಿಯುವವರು. ಭಾಗಿಸಿದರೆ ಐದು ವರ್ಷಕ್ಕೆ ತಲೆಗೆ 208 ರೂಪಾಯಿ ತುಂಬುವುದಿಲ್ಲ. ಕಲಿಸುವವರಿಗೆ ಕೊಡುವುದು ಸೊನ್ನೆ ಎಂದು ಮೊದಲೇ ತೀರ್ಮಾನಿಸಿದ್ದರಿಂದಲೇ ಈ ಲೆಕ್ಕ ಕೂಡಿಬರುವುದು. ಅಪಾರ್ಟ್‌ಮೆಂಟಿನ ತರಗತಿ ಚೆನ್ನಾಗಿ ನಡೆದಷ್ಟೂ ಈ ಸೊನ್ನೆ ಸಹಜ ಎನಿಸತೊಡಗುತ್ತದೆ.

ಸ್ವಯಂಸೇವಕರು ಬೇಡವೆಂದಲ್ಲ. ಸಂಬಳದ ಶಿಕ್ಷಕಿಯೊಬ್ಬರು ಹತ್ತು ಹದಿನೈದು ಜನರಿಗೆ ಪಾಠದ ಕ್ರಮ ಹಾಕಿ, ಪ್ರತಿಯೊಬ್ಬರಿಗೂ ಒಂದೊಂದು ನೋಟ್‌ಬುಕ್ಕಿನಲ್ಲಿ ಎಲ್ಲಿಗೆ ಬಂದರು, ಯಾವ ಅಕ್ಷರದಲ್ಲಿ ಎಡವಿದರು ಎಂದು ಬರೆದಿಡಲಿ. ಸ್ವಯಂಸೇವಕರು ಆ ಪುಟ ತೆರೆದು ಪಕ್ಕದಲ್ಲಿ ಕೂತು ಓದಿಸಲಿ, ಇಂಗ್ಲಿಷಿನಲ್ಲಿ ಎರಡು ಮಾತಾಡಿಸಲಿ. ಅವರು ಮುಂದಿನ ವಾರ ಬಾರದಿದ್ದರೂ ಪಾಠ ನಿಲ್ಲದು.

ಸಿಲಿಂಡರಿನ ಅಕ್ಷರವನ್ನು ಸಿಲಿಂಡರ್ ತಂದ ಹುಡುಗನೇ ಕನ್ನಡದಲ್ಲಿ ಎರಡು ನಿಮಿಷದಲ್ಲಿ ಹೇಳಿಕೊಡಬಹುದು. ಕೆಲಸ ಕೊಡಿಸುವ ಏಜೆನ್ಸಿಯ ಕಾಗದದ ಎರಡನೇ ಪುಟದಲ್ಲಿ, ರಜೆ ಹಾಕಿದರೆ ಎಷ್ಟು ದಿನದ ಸಂಬಳ ಹಿಡಿಯುತ್ತಾರೆ ಎಂದಿರುವ ಸಾಲನ್ನು ಅವನು ಹೇಳಿಕೊಡಲಾರ.